ಯಾರದೋ ಮಗು, ನನ್ನ ತೊಡೆಯ ಮೇಲೆ

ಮದ್ರಾಸಿನ ಬಸ್ಸಿನಲ್ಲಿ ಸೀಟು ಸಿಕ್ಕವರ ತೊಡೆ ಅವರದಲ್ಲ. ಊರಿಗೆ ಚೆನ್ನೈ ಎಂದು ಹೆಸರಾಗಿ ಎಷ್ಟು ಕಾಲವಾದರೂ ನನ್ನ ಬಾಯಿಗೆ ಮದ್ರಾಸೇ ಬರುತ್ತದೆ, ಇರಲಿ. ನಿಂತವರು ತಮ್ಮ ಚೀಲ, ಊಟದ ಡಬ್ಬಿ, ಹೆಲ್ಮೆಟ್ಟು, ಒಮ್ಮೊಮ್ಮೆ ಇಡೀ ಹೂಕೋಸನ್ನೇ ಕೂತವರ ತೊಡೆಯ ಮೇಲಿಟ್ಟು ನಿಶ್ಚಿಂತೆಯಾಗಿ ಕಿಟಕಿಯಾಚೆ ನೋಡುತ್ತಾರೆ. ಇಡಲೇ ಎಂದು ಕೇಳುವುದೂ ಇಲ್ಲ, ಇಳಿಯುವಾಗ ಒಂದು ಥ್ಯಾಂಕ್ಸೂ ಇಲ್ಲ. ಮದುವೆಯಾಗಿ ಧಾರವಾಡದಿಂದ ಬಂದ ಹೊಸದರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಮಾನು ಇಡುವ ಜಾಗ ಅಂತ ನನ್ನ ಮೇಲೇನಾದರೂ ಬೋರ್ಡು ತೂಗುಹಾಕಿದೆಯೇ? ಆಮೇಲಾಮೇಲೆ ನಾನೂ ನಿಂತು ಪ್ರಯಾಣ ಮಾಡಿದೆ, ಯಾರ್ಯಾರದೋ ತೊಡೆಯ ಮೇಲೆ ನಾನೂ ಚೀಲ ಇಟ್ಟೆ, ಉರಿ ತಣ್ಣಗಾಯಿತು. ಈಗಂತೂ ನಾನೇ ಕೈ ಚಾಚುತ್ತೇನೆ. ‘ಕುಡುಂಗ’ ಅಂದರೆ ಸಾಕು, ಕೊಡುತ್ತಾರೆ.

ಮಕ್ಕಳನ್ನೂ ಕೊಡುತ್ತಾರೆ.

ಹೋದ ಬೇಸಿಗೆಯಲ್ಲಿ ಪೋರೂರಿನಲ್ಲಿರುವ ನನ್ನ ಅಕ್ಕನಿಗೆ ಮಂಡಿಯ ಆಪರೇಷನ್ ಆಗಿತ್ತು. ಅವಳನ್ನು ನೋಡಿಕೊಂಡು ಅಡ್ಯಾರಿನ ನಮ್ಮ ಮನೆಗೆ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಮುಂದಿನ ಬಾಗಿಲಿನ ಹತ್ತಿರವೇ ಹೆಂಗಸರ ಸೀಟು ಸಿಕ್ಕಿತ್ತು. ರಾಮಾಪುರದಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬ ಹುಡುಗಿ ಹತ್ತಿದಳು. ಹುಡುಗಿ ಅಂದರೆ ಆ ಮಗುವಿನ ತಾಯಿಯೇ, ನನ್ನ ಕಣ್ಣಿಗೆ ಹುಡುಗಿ. ಬೆವರಿ ತೊಪ್ಪೆಯಾಗಿದ್ದಳು. ನಾನು ಕೈ ಚಾಚಿದೆ, ಅವಳು ಮಗುವನ್ನು ಕೊಟ್ಟಳು. ಹೆಣ್ಣುಕೂಸು, ಮೂರು ವರ್ಷದ್ದಿರಬೇಕು. ಒಂದು ಮಾತಿಲ್ಲದೆ ಬಂದು ಕೂತು ನನ್ನ ಬಳೆಗಳನ್ನು ತಿರುಗಿಸತೊಡಗಿತು. ತಾಯಿ ಜನರ ನೂಕಿಗೆ ಬಾಗಿಲಿನ ಹತ್ತಿರ ಹೋಗಿ ಕಂಬ ಹಿಡಿದು ನಿಂತಳು. ಅಲ್ಲಿಂದಲೇ ಮಗುವಿನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು.

ಮುಂದಿನ ಸ್ಟಾಪಿನಲ್ಲಿ ಒಬ್ಬ ಮುದುಕಿ ಇಳಿಯಬೇಕಿತ್ತು. ಕೈಯಲ್ಲಿ ಒಂದು ದೊಡ್ಡ ಮೂಟೆ. ಬಾಗಿಲಲ್ಲಿ ನಿಂತವರು ದಾರಿಗಾಗಿ ಒಮ್ಮೆ ಕೆಳಗಿಳಿದು ಮತ್ತೆ ಹತ್ತುವುದು ಇಲ್ಲಿನ ರೂಢಿ. ಈ ಹುಡುಗಿಯೂ ಇಳಿದಳು. ಇಳಿದವಳು ಸುಮ್ಮನೆ ನಿಲ್ಲಬಾರದೇ? ಮೂಟೆ ಇಸಿದುಕೊಂಡು ನೆಲಕ್ಕಿಟ್ಟಳು, ಮುದುಕಿಗೆ ಕೈ ಕೊಟ್ಟು ಇಳಿಸಿದಳು, ಮೂಟೆಯನ್ನು ಅವಳ ತಲೆಗೂ ಏರಿಸಿದಳು. ಎಷ್ಟು ಒಳ್ಳೇ ಹುಡುಗಿ ಅಂತ ನಾನು ಕಿಟಕಿಯಿಂದ ನೋಡಿ ಮೆಚ್ಚುತ್ತಿರುವಾಗಲೇ ಕಂಡಕ್ಟರ್ ಸೀಟಿ ಊದಿದ, ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು, ಬಸ್ಸು ಹೊರಟುಬಿಟ್ಟಿತು.

“ಏ ನಿಂದರಸ್ರೀ! ಬಸ್ ನಿಂದರಸ್ರೀ!” ಅಂತ ಕಿರುಚಿದೆ. ಮೂವತ್ತು ವರ್ಷದಿಂದ ಮಾತಾಡುತ್ತಿದ್ದ ತಮಿಳು ಆ ಹೊತ್ತಿಗೆ ಎಲ್ಲಿ ಹೋಗಿತ್ತೋ! ಅದು ಮರಳಿ ನಾಲಿಗೆಗೆ ಬರುವಷ್ಟರಲ್ಲಿ ಬಸ್ಸು ಮೆಟ್ರೋ ಕೆಲಸದ ತಗಡಿನ ಗೋಡೆಗಳ ನಡುವೆ ಸಿಕ್ಕಿಕೊಂಡಿತ್ತು. ಒಂದೇ ಗಾಡಿಗೆ ದಾರಿ, ಹಿಂದೆ ಸಾಲು ಸಾಲು ಹಾರನ್ನು. ಇಲ್ಲಿ ಬಾಗಿಲು ತೆಗೆಯೋದಕ್ಕೆ ಆಗೋದೇ ಇಲ್ಲ ಅಂದ ಡ್ರೈವರ್.

ಬಸ್ಸಿನಲ್ಲಿದ್ದವರೆಲ್ಲ ಒಳ್ಳೆಯವರೇ. ಅದೇ ಕಷ್ಟವಾಗಿದ್ದು. ಮುಂದಿನ ಸ್ಟಾಪಿನಲ್ಲಿ ಮಗುವಿನೊಂದಿಗೆ ಇಳಿದು ನಿಂತುಕೊಳ್ಳಿ, ತಾಯಿ ನಡೆದುಕೊಂಡು ಬಂದೇ ಬರುತ್ತಾಳೆ ಅಂದ ಕಂಡಕ್ಟರ್. ಅಯ್ಯೋ ಇಳಿಯಬೇಡಿ, ಅವಳು ಆಟೋ ಹತ್ತಿ ಈ ಬಸ್ಸನ್ನೇ ಬೆನ್ನಟ್ಟುತ್ತಾಳೆ ಅಂದಳು ಪಕ್ಕದವಳು. ಕೊನೇ ಸ್ಟಾಪಿನವರೆಗೂ ಅಲ್ಲಾಡಬೇಡಿ ಅಂತ ಒಬ್ಬರು, ಮೊದಲು ಪೊಲೀಸರ ಕೈಗೆ ಒಪ್ಪಿಸಿ ಅಂತ ಇನ್ನೊಬ್ಬರು. ಎಲ್ಲರದೂ ಸರಿಯೇ ಅನ್ನಿಸುತ್ತಿತ್ತು. ಮಗು ಮಾತ್ರ ಇನ್ನೂ ಬಳೆ ತಿರುಗಿಸುತ್ತ ಕೂತಿತ್ತು. ಅಮ್ಮ ಬಾಗಿಲಲ್ಲೇ ಇದ್ದಾಳೆ ಅಂತ ಅದರ ನಂಬಿಕೆ.

ನಂದಂಬಾಕ್ಕಂ ಸ್ಟಾಪಿನಲ್ಲಿ ನಾನು ಇಳಿದೆ. ಬಸ್ಸು ಮುಂದೆ ಹೋದಷ್ಟೂ ಮಗು ತಾಯಿಯಿಂದ ದೂರವಾಗುತ್ತದಲ್ಲ ಅನ್ನಿಸಿರಬೇಕು. ಬಸ್ಸು ಹೋಯಿತು. ಹಿಂದಕ್ಕೆ ನಡೆಯೋಣವೆಂದರೆ ಫುಟ್‌ಪಾತನ್ನು ತಗಡು ನುಂಗಿತ್ತು. ಕೂಸಿಗೆ ಆಗ ಗೊತ್ತಾಯಿತು. ಬಾಯಿ ತೆರೆದು ಶುರು ಮಾಡಿತು ನೋಡಿ, ರಸ್ತೆಯ ಗದ್ದಲವೆಲ್ಲ ಅಡಗಿಹೋಗುವಂಥ ಅಳು.

ಮನೆಯವರಿಗೆ ಫೋನು ಹಚ್ಚಿ ಆದದ್ದೆಲ್ಲ ಹೇಳಿದೆ. ಅವರು ರೈಲ್ವೆಯಲ್ಲಿದ್ದು ರಿಟೈರ್ ಆದವರು, ಎಲ್ಲದಕ್ಕೂ ಒಂದು ರೂಲು ಇಟ್ಟುಕೊಂಡಿರುತ್ತಾರೆ.

“ನೀ ಯಾಕ ಇಳದಿ ಮಾರಾಯ್ತಿ? ತಪ್ಪಿಸಿಕೊಂಡವರು ಇದ್ದಲ್ಲೇ ಇರಬೇಕು.”

“ಇದ್ದಲ್ಲೇ ಅಂದ್ರ ಎಲ್ಲಿರೀ? ಬಸ್ಸಿನ್ಯಾಗೋ, ಸ್ಟಾಪಿನ್ಯಾಗೋ? ಬಸ್ಸು ಇದ್ದಲ್ಲೇ ಇರತದೇನು?”

“ಒದರಬ್ಯಾಡ. ಕೂಸಿನ ಹೆಸರೇನು ಕೇಳು.”

“ಅದು ಅಮ್ಮ ಅಂತ ಬಿಟ್ಟು ಬ್ಯಾರೆ ಏನೂ ಹೇಳವಲ್ದು!”

ಸಿಟ್ಟಿಗೆ ಫೋನು ಕಟ್ ಮಾಡಿ ತಲೆ ಎತ್ತಿದರೆ ಸುತ್ತ ಜನ ನಿಂತಿದ್ದರು. ಸ್ಟಾಪಿನ ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ಎದ್ದು ಬಂದಿದ್ದಳು. “ಯಾರ್ ಕೊಳಂದೆಮ್ಮಾ ಇದು?” ಅಂತ ಕೇಳಿದಳು, ಯಾರ ಮಗು ಅಂತ.

“ತೆರಿಯಾದು,” ಅಂದೆ. ಗೊತ್ತಿಲ್ಲ ಅಂತ.

ನಿಜವನ್ನೇ ಹೇಳಿದ್ದೆ. ಆದರೆ ಆ ಮಾತು ಬಾಯಿಂದ ಬಿದ್ದದ್ದೇ ತಡ, ಎಲ್ಲರ ಮುಖವೂ ಬದಲಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋಗಳು ಎಲ್ಲರ ಫೋನಿನಲ್ಲೂ ಓಡಾಡುತ್ತಿರುತ್ತವೆ, ನನಗೂ ಬಂದಿದ್ದವು, ನಾನೂ ನಾಲ್ಕು ಜನಕ್ಕೆ ಕಳಿಸಿದ್ದೆ. ಈಗ ಇಲ್ಲಿ ಯಾವುದೋ ಭಾಷೆಯಲ್ಲಿ ಫೋನಿಗೆ ಕೂಗಾಡುವ ಒಬ್ಬ ಹೆಂಗಸು, ತೆಕ್ಕೆಯಲ್ಲಿ ಅಮ್ಮಾ ಅಮ್ಮಾ ಎಂದು ಅಳುವ ಮಗು, ಕೇಳಿದರೆ ಯಾರದೋ ಗೊತ್ತಿಲ್ಲ ಅನ್ನುತ್ತಾಳೆ. ಒಬ್ಬಾತ ಬಗ್ಗಿ ಮಗುವನ್ನೇ ಕೇಳಿದ, ಇವರು ನಿನ್ನ ಪಾಟ್ಟಿಯಾ, ನಿನ್ನ ಅಜ್ಜಿಯಾ ಅಂತ. ಸತ್ಯವಂತ ಕೂಸು, ಅಳುತ್ತಲೇ ಅಲ್ಲ ಅಂತ ತಲೆಯಾಡಿಸಿತು.

ನಾನು ಬಸ್ಸಿನ ಕಥೆ ಹೇಳಲು ಶುರುಮಾಡಿದೆ. ಮುದುಕಿ, ಮೂಟೆ, ಬಾಗಿಲು. ಗಾಬರಿಯಲ್ಲಿ ಹಿಂದುಮುಂದಾಗಿ ಹೇಳಿದೆ, ಅರ್ಧ ತಮಿಳು, ಅರ್ಧ ಕನ್ನಡ. ನನಗೇ ಅದು ಕಟ್ಟುಕಥೆಯಂತೆ ಕೇಳಿಸಿತು. ಯಾವ ತಾಯಿ ಮಗುವನ್ನು ಬಿಟ್ಟು ಇಳಿಯುತ್ತಾಳೆ ಅಂದ ಆತ. ನಾನೂ ಅದನ್ನೇ ಯೋಚಿಸುತ್ತಿದ್ದೆ. ಕೂಸು ಅವಳ ಕಂಕುಳಲ್ಲೇ ಇದ್ದಿದ್ದರೆ ಅವಳು ಇಳಿಯುತ್ತಲೇ ಇರಲಿಲ್ಲ. ನನ್ನ ತೊಡೆಯ ಮೇಲೆ ಭದ್ರವಾಗಿದೆ ಅನ್ನುವ ಧೈರ್ಯಕ್ಕೇ ಇಳಿದಳು. ಹಾಗಾದರೆ ನಾನು ಕೈ ಚಾಚಿದ್ದು ಉಪಕಾರವೋ, ಅಪಕಾರವೋ?

“ಮಗೂನ ಇಲ್ಲಿ ಕೊಡು,” ಅಂದಳು ಹೂವಿನವಳು ತಮಿಳಿನಲ್ಲಿ, ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು.

“ಕೊಡೂದಿಲ್ಲ ಹೋಗ! ಇದರ ತಾಯಿ ನನ್ನ ಕೈಯಾಗ ಕೊಟ್ಟಾಳ, ನಿನ್ನ ಕೈಯಾಗಲ್ಲ!”

ಸಿಟ್ಟು ಬಂದರೆ ನನಗೆ ಬರುವುದು ಧಾರವಾಡವೇ. ಅದು ಬೆಂಕಿಗೆ ಎಣ್ಣೆ ಹೊಯ್ದಂತಾಯಿತು. ಒಬ್ಬ ಫೋನು ಎತ್ತಿ ವಿಡಿಯೋ ಮಾಡತೊಡಗಿದ. ಇನ್ನೊಬ್ಬ ನಾನು ಓಡದಂತೆ ರಸ್ತೆಗೆ ಅಡ್ಡ ನಿಂತ. ನನ್ನ ಮಂಡಿ ಅಕ್ಕನ ಮಂಡಿಗಿಂತ ಕಡೆ, ನಾನು ಓಡುವುದಂತೆ! ನಗು ಬರಬೇಕಿತ್ತು, ಬರಲಿಲ್ಲ. ಕೂಸು ಬೇರೆ, ಅಜ್ಜಿಯಲ್ಲ ಅಂದ ಮೇಲೂ, ಯಾರು ಕೈ ಚಾಚಿದರೂ ನನ್ನ ಕುತ್ತಿಗೆಗೇ ಬಿಗಿಯಾಗಿ ಜೋತುಬೀಳುತ್ತಿತ್ತು. ಅದು ಯಾಕೆ ಹಾಗೆ ಮಾಡುತ್ತಿದೆ ಅಂತ ಅವರಿಗೂ ತಿಳಿಯದು, ನನಗೂ ತಿಳಿಯದು.

ಅವರನ್ನು ಬೈಯಲೂ ಮನಸ್ಸು ಒಪ್ಪುತ್ತಿರಲಿಲ್ಲ. ಅವರಿಗೂ ಆ ಮಗು ಯಾರೋ ಏನೋ. ಅದಕ್ಕಾಗಿ ತಮ್ಮ ತಮ್ಮ ಬಸ್ಸು ಬಿಟ್ಟು ಬಿಸಿಲಲ್ಲಿ ನಿಂತಿದ್ದರು. ಹೂವಿನವಳು ವ್ಯಾಪಾರ ಬಿಟ್ಟು ಬಂದಿದ್ದಳು. ನಾನು ಅವರ ಜಾಗದಲ್ಲಿದ್ದಿದ್ದರೆ ನನ್ನಂಥವಳ ತೋಳನ್ನು ಮೊದಲು ಹಿಡಿಯುತ್ತಿದ್ದವಳು ನಾನೇ. ಅಷ್ಟು ಜನ ಒಂದು ಮಗುವಿಗೆ ಒಳ್ಳೆಯದಾಗಲಿ ಅಂತ ನಿಂತಿದ್ದೆವು, ಮಗು ಮಾತ್ರ ಉಸಿರುಗಟ್ಟಿ ಅಳುತ್ತಿತ್ತು. ಪೊಲೀಸರಿಗೆ ಫೋನು ಮಾಡಿ ಅಂದೆ. ಮಾಡಿಯಾಗಿದೆ ಅಂದರು, ನನ್ನನ್ನು ಹೆದರಿಸುವ ದನಿಯಲ್ಲಿ.

ಮಗುವಿನ ತಾಯಿ ಬಂದದ್ದು ರಸ್ತೆಯ ಆಚೆ ಬದಿಯಿಂದ. ಆಟೋ ಹತ್ತಿ ಬಸ್ಸನ್ನು ಬೆನ್ನಟ್ಟಿ, ನಮ್ಮನ್ನು ದಾಟಿಕೊಂಡೇ ಮುಂದೆ ಹೋಗಿ, ಬಸ್ಸು ಹಿಡಿದು, ಕಂಡಕ್ಟರನ ಮಾತು ಕೇಳಿ ತಿರುಗಿ ಬಂದಿದ್ದಳು. ವಾಹನಗಳ ನಡುವೆ ಹಿಂದುಮುಂದು ನೋಡದೆ ಓಡಿ ಬಂದು ಮಗುವನ್ನು ನನ್ನ ಕುತ್ತಿಗೆಯಿಂದ ಕಿತ್ತುಕೊಂಡಳು. ಕೂಸು ಅಳು ನಿಲ್ಲಿಸಿ ಎರಡೂ ಕೈಯಿಂದ ತಾಯಿಯ ಮುಖಕ್ಕೆ ಪಟಪಟ ಹೊಡೆಯತೊಡಗಿತು. ಅವಳು ಹೊಡೆಸಿಕೊಳ್ಳುತ್ತ ನಿಂತಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಹೂವಿನವಳು ನನ್ನ ತೋಳು ಬಿಟ್ಟಿರಲಿಲ್ಲ. ಈ ಅಮ್ಮ ನಿನಗೆ ಗೊತ್ತಾ ಅಂತ ಅವಳನ್ನು ಕೇಳಿದಳು.

ಹುಡುಗಿ ನನ್ನ ಮುಖ ನೋಡಿದಳು. ಆಗಲೇ ಮೊದಲ ಸಲ ನೋಡುತ್ತಿದ್ದಾಳೆ ಅನ್ನಿಸಿತು. ಬಸ್ಸಿನಲ್ಲಿ ಯಾರು ಯಾರ ಮುಖ ನೋಡುತ್ತಾರೆ? ಅವಳು ನೋಡಿದ್ದು ಚಾಚಿದ ಎರಡು ಕೈಗಳನ್ನಷ್ಟೇ.

“ಇಲ್ಲ,” ಅಂದಳು. “ಗೊತ್ತಿಲ್ಲ.”

ರಸ್ತೆಗೆ ಅಡ್ಡ ನಿಂತಿದ್ದವನು ಒಂದು ಹೆಜ್ಜೆ ಹತ್ತಿರ ಬಂದ. ಅವಳು ಏದುಸಿರು ಬಿಡುತ್ತಿದ್ದಳು, ಮುಂದಿನ ಮಾತಿಗೆ ಉಸಿರು ಸಾಲದೆ ಮಗುವಿನ ಬೆನ್ನು ಸವರುತ್ತ ನಿಂತಳು.

“ಯಾರೂಂತ ಗೊತ್ತಿಲ್ಲ,” ಅಂದಳು ಮತ್ತೆ. “ನಾನೇ ಕೊಟ್ಟಿದ್ದು.”

ಹೂವಿನವಳು ನನ್ನ ತೋಳು ಬಿಟ್ಟಳು.