ಇಂಗ್ಲಿಷ್ ಓರಲ್‌ಗೆ ಗಂಡನ ಹೆಸರು

ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಇಂಗ್ಲಿಷಿಗೆ ಬರೆಯುವ ಪರೀಕ್ಷೆಯ ಜೊತೆ ಮಾತಾಡುವ ಪರೀಕ್ಷೆಯೂ ಇತ್ತು. ಎಲ್ಲರೂ ಅದನ್ನು ಓರಲ್ ಎನ್ನುತ್ತಿದ್ದೆವು. ಹೊರಗಿನ ಊರಿನಿಂದ ಒಬ್ಬ ಪರೀಕ್ಷಕರು ಬಂದು, ಒಬ್ಬೊಬ್ಬರನ್ನೇ ಒಳಗೆ ಕರೆದು, ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಅದರಲ್ಲಿ ನಪಾಸಾದರೆ, ಬರೆದದ್ದು ಎಷ್ಟೇ ಚೆನ್ನಾಗಿದ್ದರೂ ಇಂಗ್ಲಿಷ್ ನಪಾಸು.

ಎಪ್ಪತ್ತರ ದಶಕದ ಮಾತು. ನನ್ನ ತವರು ಬಿಜಾಪುರದ ಗಾಂಧಿ ಚೌಕದ ಹಿಂದೆ. ಮದುವೆಯಾಗಿ ತಿಕೋಟಾಕ್ಕೆ ಬಂದ ಮೇಲೂ ಬಸ್ಸಿನಲ್ಲಿ ಬಿಜಾಪುರದ ಕಾಲೇಜಿಗೆ ಹೋಗಿಬರಲು ಮಾವನವರು ಒಪ್ಪಿದ್ದರು, ಒಂದು ಕರಾರಿನ ಮೇಲೆ. ನನ್ನೊಡನೆ ನೇರವಾಗಿ ಮಾತಾಡುವ ರೂಢಿ ಅವರಿಗಿರಲಿಲ್ಲ. ನಾನು ಬಾಗಿಲ ಮರೆಯಲ್ಲಿದ್ದೇನೆಂದು ಖಾತ್ರಿ ಮಾಡಿಕೊಂಡು ಅತ್ತೆಗೆ ಹೇಳಿದ್ದರು:

"ಆಕಿಗೆ ಹೇಳ. ಪಾಸಾಗೂತನಾ ಓದಲಿ, ಯಾರೂ ಬ್ಯಾಡ ಅನ್ನಂಗಿಲ್ಲ. ಒಮ್ಮೆ ನಪಾಸಾತಂದ್ರ ಮುಗೀತ. ಆಮ್ಯಾಲೆ ಬಸ್ಸೂ ಬ್ಯಾಡ, ಬುಕ್ಕೂ ಬ್ಯಾಡ."

ಕಾಲೇಜಿನಲ್ಲಿ ಯಾರಿಗೂ ನನ್ನ ಬಗ್ಗೆ ಚಿಂತೆಯಿರಲಿಲ್ಲ. "ಕಾನ್ವೆಂಟಿನಾಕಿ, ನಿನಗೇನ ಬೇ ಅಂಜಿಕಿ!" ಎಂದು ಗೆಳತಿಯರು ನಗುತ್ತಿದ್ದರು. ಕಾನ್ವೆಂಟಿನಲ್ಲಿ ಓದಿದ್ದು ನಿಜ. ಅಲ್ಲಿ ಸಿಸ್ಟರ್‌ಗಳು ಗದ್ದ ಹಿಡಿದು ಮೇಲೆತ್ತಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ದನಿ ತೆಗೆದು ಮಾತಾಡು ಎನ್ನುತ್ತಿದ್ದರು. ತಿಕೋಟಾದಲ್ಲಿ ಅದೇ ಗದ್ದವನ್ನು ಇಳಿಸಿಕೊಂಡು ನಡೆಯಲು ಕಲಿತಿದ್ದೆ. ಹಿರಿಯರಿದ್ದಲ್ಲಿ ನನ್ನ ದನಿ ತಾನಾಗಿಯೇ ಸಣ್ಣದಾಗುತ್ತಿತ್ತು. ಇಂಗ್ಲಿಷಿನಲ್ಲಿ ಒಂದಿಡೀ ವಾಕ್ಯ ಬಾಯಿಬಿಟ್ಟು ಆಡಿ ಎಷ್ಟು ದಿನವಾಗಿತ್ತೋ ನನಗೇ ನೆನಪಿರಲಿಲ್ಲ.

ಹಿಂದಿನ ವರ್ಷ ಓರಲ್ ಮುಗಿಸಿದ್ದ ಹುಡುಗಿಯೊಬ್ಬಳು ಹೇಳಿದ್ದಳು, ಮೊದಲು ಯಾವಾಗಲೂ ನಿಮ್ಮ ಪರಿಚಯ ಮಾಡಿಕೊಡಿ, ಮನೆಯವರ ಬಗ್ಗೆ ಹೇಳಿ ಎನ್ನುತ್ತಾರಂತೆ. ಅಲ್ಲಿ ತಡವರಿಸಿದರೆ ಮುಂದೆ ಕೇಳುವುದೇ ಇಲ್ಲವಂತೆ. ಹಾಗಾಗಿ ನಾನು ಅದನ್ನೇ ಕಂಠಪಾಠ ಮಾಡತೊಡಗಿದೆ, ರೊಟ್ಟಿ ಬಡಿಯುವಾಗ. ಬಡಿಯುವ ಸಪ್ಪಳದಲ್ಲಿ ನನ್ನ ಇಂಗ್ಲಿಷ್ ಪಡಸಾಲೆಯವರೆಗೆ ಹೋಗುತ್ತಿರಲಿಲ್ಲ. ರೊಟ್ಟಿ ತಿರುವಿ ಹಾಕುವಾಗ ಬಾಯಿ ಮುಚ್ಚುವುದು, ಮತ್ತೆ ಬಡಿಯತೊಡಗಿದಾಗ ಬಿಟ್ಟಲ್ಲಿಂದ ಹಿಡಿಯುವುದು. ನನ್ನ ಹೆಸರು ಇಂಥದ್ದು, ನನ್ನ ಊರು ತಿಕೋಟಾ, ಮಾವ ಒಕ್ಕಲುತನ ಮಾಡುತ್ತಾರೆ, ನಾದಿನಿ ಒಬ್ಬಳು, ಗಂಡ ಬಬಲೇಶ್ವರದಲ್ಲಿ ಸಾಲಿ ಮಾಸ್ತರು. ಅಲ್ಲಿಯವರೆಗೆ ಸರಾಗ. ಅವರ ಹೆಸರು ಬರುವಲ್ಲಿಗೆ ನಾಲಿಗೆ ನಿಂತುಬಿಡುತ್ತಿತ್ತು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆ ಎನ್ನುತ್ತಾರೆ. ಮದುವೆಯಲ್ಲಿ, ಸೀಮಂತದಲ್ಲಿ ಮಾತ್ರ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು ಕಾಡಿ ಹೇಳಿಸುತ್ತಾರೆ. ಆಗಲೂ ಬರೀ ಹೆಸರಲ್ಲ, ಪ್ರಾಸ ಹಾಕಿದ ಎರಡು ಸಾಲಿನ ಒಡಪಿನಲ್ಲಿ ಸುತ್ತಿ; ಹಾಗೆ ಹೇಳಿದರೆ ದೋಷವಿಲ್ಲ.

ನಾದಿನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಪರೀಕ್ಷಕಳಾಗಲು ಬಹಳ ಹುರುಪು. ಅಡುಗೆಮನೆಯ ಮಣೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, "ಎಸ್, ಎಸ್, ಮುಂದ?" ಎನ್ನುವಳು. ನಾನು ಹೆಸರಿನ ಹತ್ತಿರ ನಿಂತುಬಿಟ್ಟಾಗ ಕೇಳಿದಳು:

"ಯಾಕ ವೈನಿ, ಮರೀತೇನ? ನಮ್ಮ ಅಣ್ಣನ ಹೆಸರ ಇಂಗ್ಲಿಷನ್ಯಾಗ ಹೇಳಿಬಿಡ, ದೇವರಿಗೆ ತಿಳಿಯಂಗಿಲ್ಲ."

"ಇಂಗ್ಲಿಷನ್ಯಾಗೂ ಅದ ಹೆಸರಲಾ ಬೇ."

ಅತ್ತೆ ಒಲೆಯ ಬೆಂಕಿ ಒಳಗೆ ದೂಡುತ್ತಿದ್ದವರು ತಿರುಗಿದರು. "ಏನದು? ಪರೀಕ್ಷಾದಾಗ ಗಂಡನ ಹೆಸರ ಕೇಳತಾರೇನ? ಇದೆಂಥಾ ಪರೀಕ್ಷಾ! ಬರದ ಕೊಡತೇನಿ ಅನ್ನ. ಬರಿಯೂದ ಬ್ಯಾರೆ, ಬಾಯಿಲೆ ಅನ್ನೂದ ಬ್ಯಾರೆ."

"ಅದು ಮಾತಾಡೂ ಪರೀಕ್ಷಾ ರೀ ಅತ್ತಿ. ಬರಿಯಾಕ ಕೊಡಂಗಿಲ್ಲ."

ಶನಿವಾರ ನಮ್ಮವರು ಬಬಲೇಶ್ವರದಿಂದ ಬಂದಾಗ ಅತ್ತೆಯೇ ಅವರ ಮುಂದೆ ದೂರು ಇಟ್ಟರು. ಅವರು ತಾಟಿನ ಮೇಲಿಂದ ತಲೆ ಎತ್ತದೆ, "ಹೇಳಲೇಳು. ನಾ ಏನ ಅಷ್ಟಕ್ಕ ಸಾಯಂಗಿಲ್ಲ," ಎಂದರು.

"ಬಿಡತು ಅನ್ನು! ಉಣ್ಣೂ ತಾಟಿನ ಮುಂದ ಕುಂತು ಇದೆಂಥಾ ಮಾತ!"

"ಬಿಡತು. ಹಂಗಾದ್ರ ಯಾವದರೆ ಬ್ಯಾರೆ ಹೆಸರ ಹೇಳಿ ಬರಲಿ. ಅವರೇನ ನೋಡಾಕ ಬರತಾರೇನ?"

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಬ್ಯಾರೆ ಗಂಡಸಿನ ಹೆಸರ ಹೇಳಿ ಬರಬೇಕ? ಮಾಸ್ತರಕಿ ಮಾಡತಿ, ಬುದ್ಧಿ ಎಲ್ಲಿಟ್ಟಿ ಮಬ್ಬ?" ನಾದಿನಿ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡಿದಳು. ನನಗೆ ಮಾತ್ರ ನಗು ಬರಲಿಲ್ಲ.

ಅವರು ಸೋಮವಾರ ನಸುಕಿನಲ್ಲಿ ಹೊರಟುಹೋದರು. ಆ ದಿನ ನೀರು ತರಲು ಬಾವಿಗೆ ಒಬ್ಬಳೇ ಹೋದಾಗ ನಾನು ಒಂದು ನಿರ್ಧಾರ ಮಾಡಿದೆ. ಸುತ್ತ ನೋಡಿದೆ. ಹಗ್ಗದ ಗಡಗಡೆಯ ಮೇಲೆ ಒಂದು ಗುಬ್ಬಿ ಕೂತಿತ್ತು, ಅಷ್ಟೇ. ಮೈ ಹಸ್ಬೆಂಡ್ಸ್ ನೇಮ್ ಈಸ್ ಎಂದು ಶುರುಮಾಡಿ ಹೆಸರನ್ನು ಪೂರ್ತಿ ಹೇಳಿಯೇಬಿಟ್ಟೆ. ನನ್ನ ದನಿಯಲ್ಲಿ ಆ ಹೆಸರು ಬೇರೆ ಯಾರದೋ ಅನಿಸಿತು. ಕಿವಿ ಬಿಸಿಯಾದವು. ಆದರೂ, ಬಂತಲ್ಲ ಎಂದು ಹಗುರಾಗಿ ಕೊಡ ಎತ್ತಿಕೊಂಡೆ.

ಮರುದಿನ ಸಂಜೆ ಜೈನಾಪುರದ ನಮ್ಮ ನೆಂಟರೊಬ್ಬರು ಬಬಲೇಶ್ವರದಿಂದ ಬರುತ್ತಾ ಸುದ್ದಿ ತಂದರು. "ಮಾಸ್ತರಗ ಜ್ವರಾ ಬಂದಾವ. ಚಳಿ ಹತ್ತಿ ಮಲಗ್ಯಾನ. ಗಾಬರಿ ಆಗಬ್ಯಾಡ್ರಿ, ಡಾಕ್ಟರ ಸೂಜಿ ಮಾಡ್ಯಾರ."

ಮಾವನವರು ಆಗಲೇ ಹೊರಟರು. ನಾನು ಅಡುಗೆಮನೆಯ ಗೋಡೆಗೆ ಒರಗಿಕೊಂಡು ನಿಂತೆ. ಕಾನ್ವೆಂಟಿನಲ್ಲಿ ವಿಜ್ಞಾನ ಓದಿದವಳು ನಾನು. ಜ್ವರ ಸೊಳ್ಳೆಯಿಂದ ಬರುತ್ತದೆ, ಕೆಟ್ಟ ನೀರಿನಿಂದ ಬರುತ್ತದೆ, ಬಾವಿಯ ದಂಡೆಯಲ್ಲಿ ಆಡಿದ ಮಾತಿನಿಂದ ಬರುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಆಮೇಲೆ ಓರಲ್ ದಿನದವರೆಗೆ ನಾನು ಇಂಗ್ಲಿಷಿನ ಒಂದಕ್ಷರವನ್ನೂ ಬಾಯಿಬಿಟ್ಟು ಹೇಳಲಿಲ್ಲ. ಜ್ವರ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು.

ಓರಲ್ ದಿನ ಬೆಳಿಗ್ಗೆಯೂ ಹೊಸ ಸುದ್ದಿ ಏನೂ ಬಂದಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತಿದ್ದೆ; ಇಳಿಯುವಾಗ ನೋಡಿದರೆ ಅಂಗೈಗೆಲ್ಲ ತುಕ್ಕು. ಕಾಲೇಜಿನ ವರಾಂಡದಲ್ಲಿ ಹುಡುಗಿಯರು ಗೋಡೆಗೆ ಮುಖಮಾಡಿ ಗುಣುಗುಣು ಎನ್ನುತ್ತಿದ್ದರು. ಒಳಗಿನಿಂದ ಬಂದವಳೊಬ್ಬಳು, "ಭಾಳ ಘಟ್ಟಿ ಅದಾನಲೇ, ನಗಂಗ ಇಲ್ಲ," ಎಂದಳು. ಅಷ್ಟರಲ್ಲಿ ನನ್ನ ಸರದಿ ಬಂತು.

ಪರೀಕ್ಷಕರು ವಯಸ್ಸಾದವರು, ಕನ್ನಡ ಬಲ್ಲವರಂತೆ ಕಾಣಲಿಲ್ಲ. ಶರ್ಟಿನ ಮೇಲಿನ ಗುಂಡಿಯ ದಾರ ಬೇರೆ ಬಣ್ಣದ್ದಿತ್ತು. ಅದನ್ನೇ ನೋಡುತ್ತಾ ನನ್ನ ಹೆಸರು, ಊರು, ಮಾವನವರ ಒಕ್ಕಲುತನ ಎಲ್ಲ ಹೇಳಿದೆ. ಅವರು ಕಾಗದ ನೋಡಿದರು. ಅದರಲ್ಲಿ ನನ್ನ ತಂದೆಯ ಹೆಸರಿತ್ತು. ನನ್ನ ತಾಳಿಯ ಕಡೆ ನೋಡಿ, ಮದುವೆಯಾಗಿದೆಯಲ್ಲ, ಗಂಡನ ಹೆಸರೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಬಾಯಿ ತೆರೆದೆ. ಬಬಲೇಶ್ವರದ ಕೋಣೆ, ಅಲ್ಲಿ ಕೌದಿ ಹೊದ್ದು ಮಲಗಿದ ನಮ್ಮವರು ಕಣ್ಣ ಮುಂದೆ ಬಂದರು. ದನಿ ಬರಲಿಲ್ಲ. ಪರೀಕ್ಷಕರು ಇನ್ನೊಮ್ಮೆ, ಸಾವಕಾಶವಾಗಿ, ಸಣ್ಣ ಮಕ್ಕಳಿಗೆ ಕೇಳುವಂತೆ ಕೇಳಿದರು. ನಾನು ಆ ಗುಂಡಿಯ ದಾರವನ್ನೇ ನೋಡುತ್ತಿದ್ದೆ. ಪ್ರಶ್ನೆಯೇ ತಿಳಿದಿಲ್ಲ ಎಂದುಕೊಂಡರೇನೋ, ಪೆನ್ನಿನ ಟೊಪ್ಪಿಗೆ ತೆಗೆದು, ನೀವು ಹೋಗಬಹುದು ಎಂದರು.

ಪೆನ್ನು ಕಾಗದದ ಮೇಲೆ ಇಳಿಯುವುದನ್ನು ನೋಡಿ, ಕಾಲೇಜೇ ಮುಗಿಯಿತು ಎಂಬ ಹೆದರಿಕೆಗೆ ನನ್ನ ದನಿ ಒಮ್ಮೆಲೇ ಹೊರಬಂತು, ಬಹಳ ಜೋರಾಗಿಯೇ. ನಿಮ್ಮ ಪ್ರಶ್ನೆ ನನಗೆ ತಿಳಿದಿದೆ ಸರ್, ಆದರೆ ಆ ಹೆಸರನ್ನು ನಾನು ಹೇಳುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಯಾಕೆ ಎಂದರು. ಹೇಳಿದೆ. ಆಯುಷ್ಯದ ಮಾತು, ಮದುವೆ ಮನೆಯಲ್ಲಿ ಬಾಗಿಲಿಗೆ ಅಡ್ಡ ನಿಲ್ಲುವುದು, ಒಡಪು, ಸುಮ್ಮನೆ ನಿಂತರೆ ಹೆಂಗಸರು ಬಿಡದೆ ಕಾಡುವುದು, ಎಲ್ಲವನ್ನೂ. ವ್ಯಾಕರಣ ಎಷ್ಟು ಕಡೆ ತಪ್ಪಿತೋ ದೇವರೇ ಬಲ್ಲ. ಇವನ್ನು ನಾನು ಯಾವ ರೊಟ್ಟಿಯ ಜೊತೆಗೂ ಕಂಠಪಾಠ ಮಾಡಿರಲಿಲ್ಲ.

ಅವರು ಪೆನ್ನು ಕೆಳಗಿಟ್ಟರು. ನೀವು ಓದಿದವರು, ಇದನ್ನು ನಂಬುತ್ತೀರಾ ಎಂದರು.

"ನಂಬುವುದಿಲ್ಲ ಸರ್. ಆದರೆ ಅವರಿಗೆ ಈಗ ಜ್ವರ ಇದೆ."

ಪರೀಕ್ಷಕರು, ಹಾಗಾದರೆ ಆ ಎರಡು ಸಾಲಿನಲ್ಲೇ ಹೇಳಿ, ಬಳಿಕ ಅರ್ಥ ಇಂಗ್ಲಿಷಿನಲ್ಲಿ ಹೇಳಿ ಎಂದರು. ನಾನು ಸೆರಗು ತಲೆಗೆಳೆದುಕೊಂಡು ನಮ್ಮ ಮದುವೆಯಲ್ಲಿ ಹೇಳಿದ್ದನ್ನೇ ಹೇಳಿದೆ:

"ಎರಿ ಹೊಲದಾಗ ತೂಗತೈತಿ ಬಿಳಿಜ್ವಾಳ..."

ಎರಡನೆಯ ಸಾಲಿನಲ್ಲಿ ನಮ್ಮವರ ಹೆಸರು, "ಹಿರಿಯಾರು ಕೂಡಿದ ವ್ಯಾಳ" ಎಂಬ ಪ್ರಾಸ. ಅರ್ಥ ಹೇಳುವಾಗ ಕರಿ ಮಣ್ಣು, ಗಾಳಿಗೆ ತೂಗುವ ತೆನೆ, ಹಿರಿಯರು ಕೂಡಿದ ವೇಳೆ ಎಲ್ಲ ಇಂಗ್ಲಿಷಿಗೆ ಬಂದವು. ಪರೀಕ್ಷಕರು ನಗಲಿಲ್ಲ. ಜ್ವರ ಇಳಿಯುತ್ತದೆ, ಹೋಗಿ ಬನ್ನಿ ಎಂದಷ್ಟೇ ಅಂದರು.

ಜ್ವರ ಆ ವಾರವೇ ಇಳಿಯಿತು. ನನ್ನ ಕಳವಳ ಇಳಿಯಲಿಲ್ಲ. ಉತ್ತರ ಹೇಳಲು ಅಷ್ಟು ಹೊತ್ತು ಮಾಡಿದ್ದಕ್ಕೆ ಅಂಕ ಕಳೆದಿದ್ದರೆ? ಕನ್ನಡ ಆಡಿದ್ದಕ್ಕೆ? ಫಲಿತಾಂಶದ ದಿನ ಕಾಲೇಜಿನ ಫಲಕದ ಮುಂದೆ ನಿಂತು, ನನ್ನ ನಂಬರನ್ನು ನಾನು ನೋಡಿದ್ದು ಸಾಲದೆ ಗೆಳತಿಯಿಂದಲೂ ಓದಿಸಿದೆ. ಪಾಸಾಗಿತ್ತು. ಓರಲ್‌ನಲ್ಲಿ ಎಷ್ಟು ಬಿತ್ತೆಂದು ಬೇರೆಯಾಗಿ ತೋರಿಸಿರಲಿಲ್ಲ.

ಮನೆಯಲ್ಲಿ ಅತ್ತೆ ಬೆಲ್ಲ ಕೊಟ್ಟು, "ಇನ್ನರೆ ನಿಶ್ಚಿಂತಿ ಆತಲಾ?" ಎಂದರು. ಹೂಂ ಎಂದೆ. ಬಿ.ಎ. ಕೊನೆಯ ವರ್ಷಕ್ಕೂ ಓರಲ್ ಇದೆ ಎಂಬುದನ್ನು ಆಗ ಅವರಿಗೆ ಹೇಳಲಿಲ್ಲ.