ಊಟಕ್ಕೆ ಕೂತವರ ಮುಂದೆ

ಆ ಭಾನುವಾರ ಆಸ್ಟ್ರೇಲಿಯಾದ ಪರ್ತ್ ನಗರದಂಚಿನ ಎಲೆನ್‌ಬ್ರೂಕ್‌ನ ನಮ್ಮ ಮನೆಯ ಊಟದ ಮೇಜಿಗೆ ನಾಲ್ವರು ಕೂತಿದ್ದೆವು: ನಾನು, ನನ್ನ ಹೆಂಡತಿ, ಪಕ್ಕದ ಮನೆಯ ಯಜಮಾನರು, ಎದುರು ಮನೆಯ ಮೇಷ್ಟ್ರಮ್ಮ. ಒಲೆಯ ಮುಂದೆ ದೋಸೆ ಹುಯ್ಯುತ್ತಿದ್ದವಳು ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯ ಹುಡುಗಿ, ನರ್ಸಿಂಗ್ ಓದುತ್ತಿದ್ದಳು. “ಆಂಟಿ, ನೀವು ಕುಂದರ್ರಿ, ನಾ ಹಾಕ್ತೇನಿ” ಎಂದು ಹೆಂಡತಿಯ ಕೈಯಿಂದ ಸೌಟು ಕಿತ್ತುಕೊಂಡಿದ್ದಳು.

ಯಜಮಾನರು ಇಲ್ಲೇ ಹುಟ್ಟಿ ಬೆಳೆದ ಬಿಳಿಯರು; ನಲ್ಲಿ, ಪೈಪುಗಳ ಕೆಲಸ ಮಾಡಿ ನಿವೃತ್ತರಾದವರು. ನಾವು ಬಂದ ಮೊದಲ ಬೇಸಿಗೆಯಲ್ಲಿ ಹಿತ್ತಿಲ ಪೈಪು ಒಡೆದಾಗ ಕರೆಯದೆಯೇ ಬಂದು, ಮೈಯೆಲ್ಲ ಮರಳು ಮಾಡಿಕೊಂಡು ಸರಿಮಾಡಿ ಹೋದ ಮನುಷ್ಯ. ಮೇಷ್ಟ್ರಮ್ಮ ನೆದರ್ಲ್ಯಾಂಡ್ಸ್‌ನವರು. ಅಲ್ಲಿ ಶಾಲೆಯಲ್ಲಿ ಪಾಠ ಹೇಳಿ, ವಯಸ್ಸಾದ ಮೇಲೆ ಮಗಳಿದ್ದ ಊರೆಂದು ಪರ್ತ್‌ಗೆ ಬಂದವರು. ಮೇಷ್ಟ್ರಮ್ಮ ಎಂಬ ಹೆಸರು ನಾವಿಟ್ಟದ್ದು.

ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಅಂಗಡಿ ಬಾಗಿಲು ಹಾಕಿ ಬಹಳ ದಿನವಾಗಿತ್ತು. ಅದನ್ನು ನಮಾಜಿನ ಕೋಣೆ ಮಾಡುತ್ತೇವೆ ಎಂದು ಕೆಲವರು ಕೌನ್ಸಿಲ್‌ಗೆ ಅರ್ಜಿ ಹಾಕಿದ್ದರು. ಅದು ಬೇಡವೆಂದು ಯಜಮಾನರು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸುತ್ತಿದ್ದರು. ಹುಬ್ಬಳ್ಳಿಯ ಹುಡುಗಿಯಾದರೋ ಆ ಕೋಣೆಗಾಗಿ ದಿನ ಎಣಿಸುತ್ತಿದ್ದಳು. ನಮಾಜಿಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದವಳು. ಪ್ರಾರ್ಥನೆಯ ಹೊತ್ತಿಗಷ್ಟೇ ತಲೆಗೆ ದುಪಟ್ಟಾ ಹೊದೆಯುತ್ತಿದ್ದಳಾದ್ದರಿಂದ ಅವಳು ಮುಸ್ಲಿಮಳೆಂದು ರಸ್ತೆಯಲ್ಲಿ ನಮ್ಮ ಹೊರತು ಯಾರಿಗೂ ತಿಳಿದಿರಲಿಲ್ಲ.

“ಒಬ್ಬರನ್ನ ಒಳಗೆ ಬಿಟ್ರೆ ಆಯ್ತು, ಆಮೇಲೆ ರಸ್ತೆ ನಮ್ಮದಲ್ಲ” ಎಂದರು ಯಜಮಾನರು, ದೋಸೆ ಮುರಿಯುತ್ತ. “ನಿಮ್ಮ ವಿಷಯ ಅಲ್ಲ ಮೇಟ್. ನೀವು ದುಡಿಯೋ ಜನ. ಈ ಹುಡುಗಿ ಥರದವರು ನೂರು ಜನ ಬರಲಿ, ನಾನೇ ಗೇಟು ತೆಗೀತೀನಿ.”

ಹೆಂಚಿನ ಮೇಲೆ ಸೌಟು ನಿಂತಿತು.

ಮೇಷ್ಟ್ರಮ್ಮ ಚೀಲದಿಂದ ಕಾಗದಗಳನ್ನು ತೆಗೆದರು. ಯಾರು ಎಷ್ಟು ತೆರಿಗೆ ಕಟ್ಟುತ್ತಾರೆ, ಅಪರಾಧ ಎಲ್ಲಿ ಹೆಚ್ಚು, ಎಲ್ಲವನ್ನೂ ಹಳದಿ ಗೆರೆ ಎಳೆದು ತಂದಿದ್ದರು. ಯಜಮಾನರು ಒಂದು ಹಾಳೆಯನ್ನೂ ಮುಟ್ಟಲಿಲ್ಲ. “ಗಣಿ ಕೆಲಸದಿಂದ ನನ್ನ ಮಗನ್ನ ತೆಗೆದು ಮನೆಗೆ ಕಳಿಸಿದ್ರು. ಅದು ಯಾವ ಹಾಳೇಲಿದೆ, ಟೀಚರ್?” ಎಂದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. “ನೀವೇನಂತೀರಿ, ಮೇಟ್?”

ಊಟಕ್ಕೆ ಕೂತವರಿಗೆ ಎದುರಾಡಬಾರದು, ತುತ್ತು ಇಳಿಯುವುದಿಲ್ಲ. ಏನಿದ್ದರೂ ಕೈ ತೊಳೆದ ಮೇಲೆ ಎಂದು ನನ್ನ ಅಜ್ಜಿ ಹೇಳಿಕೊಟ್ಟಿದ್ದರು. ಮಾತನ್ನೂ ಮರ್ಯಾದೆಯನ್ನೂ ನಾನು ಕಲಿತದ್ದು ಅವರಿಂದಲೇ. ನಾನು ನಕ್ಕು, “ಇನ್ನೊಂದು ದೋಸೆ ಹಾಕಿಸಿಕೊಳ್ಳಿ” ಎಂದೆ. ಅವರು ಹಾಕಿಸಿಕೊಂಡರು. ಕೈ ತೊಳೆದದ್ದೇ ನನ್ನ ಬೆನ್ನು ತಟ್ಟಿ ಹೊರಟೂ ಹೋದರು.

“ಯಾಕ್ರಿ ಅಂಕಲ್, ಬಾಯಾಗ ಏನ್ ಇಟ್ಕೊಂಡಿದ್ರಿ?” ಎಂದಳು ಹುಡುಗಿ, ತಟ್ಟೆ ಎತ್ತುತ್ತ. ತಮಾಷೆಯೆಂಬಂತೆಯೇ ಹೇಳಿದಳು.

“ಉಣ್ಣೋರ ಮುಂದೆ ಹೇಗಮ್ಮಾ...”

“ಹೌದ್ರಿ. ನಾನೂ ಹಂಗ ಕಲ್ತಾಕಿನ. ಅದಕ್ಕ ಸುಮ್ನಿದ್ದೆ. ನೀವು ಮನೀ ಯಜಮಾನ್ರು, ಹೇಳ್ತೀರಿ ಅನ್ಕೊಂಡೆ.”

ಕೌನ್ಸಿಲ್ ಸಭೆಗೆ ನಾನೂ ಮೇಷ್ಟ್ರಮ್ಮನೂ ಹೋದೆವು. ಹುಡುಗಿಗೆ ಅಂದು ಆಸ್ಪತ್ರೆಯ ತರಬೇತಿ ಇತ್ತು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದ್ದುನಿಂತರು. “ನಾವು ಯಾರನ್ನೂ ದ್ವೇಷಿಸೋರಲ್ಲ. ನನ್ನ ಪಕ್ಕದ ಮನೆ ಇಂಡಿಯನ್ನರನ್ನೇ ಕೇಳಿ. ಅವರ ಮನೆಯಲ್ಲೇ ಇದನ್ನ ಹೇಳಿದೆ. ತಪ್ಪು ಅಂತ ಒಂದು ಮಾತೂ ಅನ್ನಲಿಲ್ಲ. ಇನ್ನೊಂದು ಸಲ ಬಡಿಸಿದರು.”

ನಾನು ಎದ್ದೆ. “ನಾನು ಒಪ್ಪಿರಲಿಲ್ಲ” ಎಂದೆ.

“ಹಾಗಾದ್ರೆ ಅವತ್ತೇ ಯಾಕೆ ಹೇಳಲಿಲ್ಲ?” ಅವರಿಗೆ ನಿಜಕ್ಕೂ ನೋವಾಗಿತ್ತು.

“ನೀವು ಊಟ ಮಾಡ್ತಿದ್ರಿ.”

ಸಭೆ ನಕ್ಕಿತು. ಕೆಟ್ಟ ನಗುವಲ್ಲ, ಒಳ್ಳೆಯ ಜೋಕಿಗೆ ನಗುವ ಹಾಗೆ. ಮುಂದೆ ಹೇಳಬೇಕೆಂದು ಬರೆದುಕೊಂಡಿದ್ದ ಚೀಟಿ ಜೇಬಿನಲ್ಲೇ ಉಳಿಯಿತು. ನಮಾಜಿನ ಕೋಣೆಯ ಅರ್ಜಿ ಬಿದ್ದುಹೋಯಿತು.

ಮನೆಗೆ ಬರುವಾಗ ಕಾರಿನಲ್ಲಿ ಮೇಷ್ಟ್ರಮ್ಮ ತಾವಾಗಿ ಶುರುಮಾಡಿದರು. “ನಮ್ಮ ದೇಶದಲ್ಲಿ ಇಂಥ ಮಾತು ಆಡೋರನ್ನ ನೋಡಿ ಮೊದಲು ನಕ್ಕೆವು. ಆಮೇಲೆ ಅವರ ಜೊತೆ ಮಾತೇ ಬಿಟ್ಟೆವು. ಕೊನೆಗೆ ವೋಟು ಹೋಗುತ್ತಲ್ಲಾ ಅಂತ ಅವರ ಅರ್ಧ ಮಾತನ್ನ ನಾವೇ ಮೆಲ್ಲಗೆ ಆಡೋಕೆ ಹಿಡಿದೆವು. ಅರ್ಧ ಸಿಕ್ಕವರು ಪೂರ್ತಿ ಕೇಳಿದರು.”

“ಮತ್ತೇನು ಮಾಡಬೇಕಿತ್ತು?”

“ಗೊತ್ತಿದ್ದರೆ ನಿಮ್ಮ ಮನೆಗೆ ಆ ಹಾಳೆಗಳನ್ನ ಹೊತ್ಕೊಂಡು ಬರ್ತಿದ್ದೆನಾ?”

ಎದುರಾಡಿದವರ ಮಾತನ್ನು ಯಜಮಾನರು ಕೇಳಲಿಲ್ಲ, ಸುಮ್ಮನಿದ್ದವನ ಮೌನವನ್ನು ಸಾಕ್ಷಿ ಮಾಡಿಕೊಂಡರು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ತಿಂಗಳೊಪ್ಪತ್ತಿನಲ್ಲಿ ಹುಡುಗಿ ಕ್ಯಾನಿಂಗ್ಟನ್ ಕಡೆ, ಮಸೀದಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಕೋಣೆ ನೋಡಿಕೊಂಡಳು. ಸಾಮಾನು ಸಾಗಿಸುವ ದಿನ ಯಜಮಾನರು ಕರೆಯದೆಯೇ ಟ್ರೇಲರ್ ತಂದರು. ಅವಳ ಮಂಚದ ಒಂದು ತುದಿ ನಾನು, ಇನ್ನೊಂದು ತುದಿ ಅವರು ಹಿಡಿದೆವು. “ಒಳ್ಳೆ ಹುಡುಗಿ. ಯಾಕೆ ಹೋಗ್ತಿದಾಳೆ?” ಎಂದು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, ಕಾಲೇಜಿಗೆ ಹತ್ತಿರವಾಗುತ್ತದೆ ಎಂದಳು. ಯಜಮಾನರು ತಲೆಯಾಡಿಸಿ ಹಗ್ಗ ಬಿಗಿದರು.