ಬ್ಯಾಳಿ ಕಂಪನಿ ಗಜೇಂದ್ರಗಡಕ್ಕೆ ಹೋದದ್ದು

ಹುಬ್ಬಳ್ಳಿಯಲ್ಲಿ ನರಗುಂದದ ಬಸ್ಸು ಹತ್ತಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ನಮ್ಮದು ಮುಂಬೈಯ ಬ್ಯಾಲೆ ಕಂಪನಿ. ಅಂದರೆ ಮಾತಿಲ್ಲದೆ, ಬರೀ ಕುಣಿತ ಮತ್ತು ವಾದ್ಯಗಳಲ್ಲಿ ಕತೆ ಹೇಳುವವರು. ಯಜಮಾನರು ಬಂಗಾಲದವರು, ಎಲ್ಲರೂ ಅವರನ್ನು ದಾದಾ ಎನ್ನುತ್ತಿದ್ದೆವು. ಕುಣಿಯುವವರಲ್ಲಿ ಕನ್ನಡದವಳು ನಾನೊಬ್ಬಳೇ, ಧಾರವಾಡದ ಹುಡುಗಿ. "ನಮ್ಮ ಕಡೆಯ ಜನಕ್ಕೆ ಆಟವೆಂದರೆ ಜೀವ, ಒಮ್ಮೆ ಬಂದು ನೋಡಿ" ಎಂದು ದಾದಾ ಅವರ ಬೆನ್ನುಹತ್ತಿ ಈ ಪ್ರವಾಸ ಹೊರಡಿಸಿದವಳೂ ನಾನೇ. ಆಟ ಬಿದ್ದರೆ ಮುಖ ಮರೆಸಿಕೊಳ್ಳಬೇಕಾದವಳೂ ನಾನೇ.

ನವಲಗುಂದ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಎರೆಹೊಲ. ಹತ್ತಿ ಒಡೆದಿತ್ತು, ಜೋಳ ತೆನೆ ಹಿರಿದಿತ್ತು. ಪಕ್ಕದಲ್ಲಿ ಕುಳಿತ ರೈತರೊಬ್ಬರು ದಾದಾ ಅವರ ಕೈಗೆ ಹಸಿ ಕಡಲೆ ಗಿಡದ ಒಂದು ಸಿವುಡು ಕೊಟ್ಟರು. ನರಗುಂದದ ಗುಡ್ಡ ಕಾಣುವವರೆಗೂ ದಾದಾ ಕಾಯಿ ಸುಲಿಯುತ್ತ, ತಿನ್ನುತ್ತ, ಬಲು ಖುಷಿಯಲ್ಲಿದ್ದರು.

ಆ ಖುಷಿ ಸಂಜೆಯವರೆಗೆ ಮಾತ್ರ ಉಳಿಯಿತು. ನಮ್ಮ ಕಾರ್ಯಕ್ರಮದಲ್ಲಿ ಮೂರು ಬೇರೆಬೇರೆ ಆಟಗಳಿದ್ದವು. ಮೊದಲು ಮಳೆಗಾಲದ ಕೊಕ್ಕರೆಗಳು, ಆಮೇಲೆ ಮುಂಬೈಯ ಬಟ್ಟೆ ಗಿರಣಿ, ಕೊನೆಗೆ ಮದುವೆಮನೆಯ ತಮಾಷೆ. ಕೊಣ್ಣೂರಿನಿಂದಲೂ ಜನ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು, ಎಲ್ಲ ಗಂಡಸರೇ. ಕೊಕ್ಕರೆಗಳು ಹಾರಿ ಹೋಗುವವರೆಗೆ ತಾಳ್ಮೆಯಿಂದ ಕಾದರು. ಗಿರಣಿ ಶುರುವಾದಾಗ ಹಿಂದಿನಿಂದ ಒಬ್ಬರು ಕೂಗಿದರು: "ಇವ್ರು ಮಾತಾಡೂದು ಯಾವಾಗ್ರಿ?" ಮದುವೆಮನೆಯ ಹೊತ್ತಿಗೆ ಅರ್ಧ ಚಾಪೆ ಖಾಲಿ.

ರೋಣದಲ್ಲಿ ಇನ್ನೊಂದು ಬಗೆ. ಡಂಗುರದವನ ಬಾಯಲ್ಲಿ ಬ್ಯಾಲೆ ಕಂಪನಿ 'ಬ್ಯಾಳಿ ಕಂಪನಿ', ಅಂದರೆ ಬೇಳೆ ಕಂಪನಿ, ಆಗಿಬಿಟ್ಟಿತ್ತು. ಮಧ್ಯಾಹ್ನ ನಾವು ರೊಟ್ಟಿ, ಬದನೇಕಾಯಿ ಪಲ್ಯ ಉಣ್ಣುತ್ತಿದ್ದಾಗ ಕರಿ ಟೊಪ್ಪಿಗೆಯ ಶೆಟ್ಟರೊಬ್ಬರು ಬಂದು ದಾದಾ ಅವರಿಗೆ ಕೈ ಮುಗಿದರು. "ಮುಂಬೈದವ್ರು ಬ್ಯಾಳಿ ಖರೀದಿಗೆ ಬಂದೀರಂತ. ಕಡ್ಲಿ ಬ್ಯಾಳಿ ಬೇಕಾದ್ರ ನಮ್ಮ ಅಂಗಡಿಗೆ ಬರ್ರಿ, ಭಾಳ ಚಲೋ ಮಾಲ ಐತಿ."

"ನಾವು ಕುಣಿಯೋರ್ರಿ," ಎಂದೆ ನಾನು.

ಶೆಟ್ಟರು ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. "ಬ್ಯಾಳಿ ಯಾಪಾರದಾಗ ಕುಣಿಯೂದು ಯಾಕ ಬೇಕ್ರಿ?"

ನಾವು ನಕ್ಕು ಸುಸ್ತಾದೆವು. ಶೆಟ್ಟರೂ ನಕ್ಕರು, ಸಂಜೆ ಬಂದು ಮುಂದಿನ ಸಾಲಿನಲ್ಲೇ ಕುಳಿತರು, ಅಲ್ಲೇ ನಿದ್ದೆಯನ್ನೂ ಮಾಡಿದರು. ದಾದಾ ಮಾತ್ರ ನಗಲಿಲ್ಲ. "ಶಾಂತಾ, ಗಜೇಂದ್ರಗಡದಲ್ಲೂ ಹೀಗೇ ಆದರೆ ಇನ್ನು ಹಳ್ಳಿಗಳ ಕಡೆ ಬರುವುದಿಲ್ಲ" ಎಂದರು.

ಮರುದಿನ ರೋಣದ ನಿಲ್ದಾಣದಲ್ಲಿ ಗದಗಿನ ಬಸ್ಸೂ ಗಜೇಂದ್ರಗಡದ ಬಸ್ಸೂ ಅಕ್ಕಪಕ್ಕ ನಿಂತಿದ್ದವು. ಹತ್ತಿ ಅಂಡಿಗೆಗಳ ಗದ್ದಲದಲ್ಲಿ ನಮ್ಮ ಉಡುಪಿನ ಟ್ರಂಕು ಗದಗಿನ ಬಸ್ಸಿನ ನೆತ್ತಿಗೇರಿ ಹೊರಟುಹೋಗಿತ್ತು. ಗಜೇಂದ್ರಗಡದ ಕೋಟೆಗುಡ್ಡದ ಕೆಳಗೆ ಇಳಿದು ಸಾಮಾನು ನೋಡಿದಾಗಲೇ ನಮಗೆ ತಿಳಿದದ್ದು. ಅದು ಮರುದಿನದ ಬಸ್ಸಿಗೆ ಬಂದರೆ ಪುಣ್ಯ. ಆಟ ಅಂದೇ ಸಂಜೆ.

ನಮ್ಮ ಬಿಡಾರ ನೇಕಾರರ ಓಣಿಯಲ್ಲಿತ್ತು. ಕಟ್ಟೆಯ ಮೇಲೆ ಕುಳಿತು ನಾನು ಅಳುವುದೊಂದು ಬಾಕಿ. ಎದುರು ಮನೆಯ ಮಗ್ಗದ ಸಪ್ಪಳ ನಿಂತಿತು. ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸುತ್ತ ಹೊರಬಂದಳು. ಹೆಸರು ಗಂಗವ್ವ.

"ಯಾಕ ತಂಗಿ, ಮಾರಿ ಸಣ್ಣದ ಮಾಡ್ಕೊಂಡು ಕುಂತೀದಿ?"

"ಅರಿವಿ ಟ್ರಂಕ ಗದಗಿಗೆ ಹೋತ್ರಿ ಅಕ್ಕಾರ. ಉಟ್ಕೊಂಡು ಕುಣಿಯಾಕ ಏನೂ ಇಲ್ಲ."

"ಸೀರಿ ನೇಯೂ ಊರಾಗ ಕುಂತು ಸೀರಿ ಇಲ್ಲಂತ ಅಳ್ತಿಯಾ? ಎಷ್ಟ ಬೇಕು ಹೇಳು."

ಗಂಗವ್ವ ಓಣಿ ಸುತ್ತಿ ಬಂದಾಗ ಅವಳ ಹಿಂದೆ ನಾಲ್ಕಾರು ಹೆಂಗಸರು, ಎಲ್ಲರ ತೋಳಿನ ಮೇಲೂ ಸೀರೆ. ಮದುಮಗಳಿಗೆ ಗಂಗವ್ವನದೇ ಕೆಂಪು ದಡಿಯ ಹಸಿರು, ಬೀಗಿತ್ತಿಯರಿಗೆ ದಾಳಿಂಬೆ ಬಣ್ಣ. ಕೊಕ್ಕರೆಗಳು ಬೆಳ್ಳಗಿರಬೇಕು ಎಂದು ದಾದಾ ಹಟ ಹಿಡಿದರು. ಅದನ್ನು ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಗಂಗವ್ವ ಗಂಡನ ಹೊಸ ಧೋತರವನ್ನೇ ತಂದುಕೊಟ್ಟಳು, ಉಳಿದವರೂ ತಮ್ಮ ಮನೆಯ ಧೋತರಗಳನ್ನು ತಂದರು.

ಸಂಜೆ ಗ್ಯಾಸ್‌ಬತ್ತಿ ಹಚ್ಚುವ ಮೊದಲೇ ಓಣಿಯ ಹೆಂಗಸರೆಲ್ಲ ಬಂದು ಮುಂದೆ ಕುಳಿತರು. ಗಂಡಸರು ಬೆರಗಾಗಿ ಹಿಂದೆ ಸರಿದರು. "ಸೀರಿ ಕೊಟ್ಟೇವಲ್ರಿ, ಕಣ್ಣಿಟ್ಟು ಕೂಡ್ಬೇಕು," ಎಂದಳು ಗಂಗವ್ವ.

ಖರೇ ಕಣ್ಣಿಟ್ಟೇ ಕುಳಿತರು. ಕೊಕ್ಕರೆಗಳು ಬಂದ ಕೂಡಲೇ, "ಅಯ್ಯ, ನಮ್ಮನಿಯವರ ಧೋತರ ಹಾರಾಕ ಹತ್ತೇತಲ್ಲ!" ಎಂದು ಗಂಗವ್ವ ಕೂಗಿದಳು. ಗಿರಣಿಯ ಆಟದಲ್ಲಿ ನಮ್ಮ ಕೈಗಳು ಅತ್ತಿಂದಿತ್ತ ಓಡಿದಾಗ ಹಿಂದಿದ್ದ ನೇಕಾರರು, "ಲಾಳಿ ಹೊಂಟಿತು ನೋಡೋ!" ಎಂದು ಎದ್ದು ನಿಂತರು, ನಮ್ಮ ತಾಳಕ್ಕೆ ಅವರ ಚಪ್ಪಾಳೆ ಕೂಡಿತು. ಮದುವೆಮನೆಯಲ್ಲಂತೂ ತಡೆಯೇ ಇಲ್ಲ. "ಆ ಬೀಗಿತ್ತಿ ಉಟ್ಟಿದ್ದು ನಂದು!" "ನಿನ್ನ ಸೀರಿ ಭಾಳ ಜಗಳಗಂಟಿ ಐತಿ ಬಿಡು!" ಮದುಮಗಳಾಗಿ ನಾನು ತವರು ಬಿಡುವಾಗ ಮಾತ್ರ ಎಲ್ಲ ಸದ್ದಡಗಿತು. ಗಂಗವ್ವ ಮೂಗು ಒರೆಸಿಕೊಳ್ಳುತ್ತಿದ್ದಳು.

ಪರದೆಯ ಸಂದಿಯಿಂದ ನೋಡುತ್ತಿದ್ದ ದಾದಾ, ನಾನು ಒಳಗೆ ಬಂದ ಕೂಡಲೇ ಕೇಳಿದರು: "ಅಷ್ಟು ಹೊತ್ತು ಅವರೆಲ್ಲ ಏನು ಹೇಳುತ್ತಿದ್ದರು?"

"ಕತೆ, ದಾದಾ. ಒಬ್ಬರಿಗೊಬ್ಬರು ನಮ್ಮ ಕತೆ ಹೇಳಿಕೊಳ್ಳುತ್ತಿದ್ದರು."

ದಾದಾ ನನ್ನ ತಲೆಯ ಮೇಲೆ ಕೈಯಿಟ್ಟು, ಪರದೆ ಸರಿಸಿ, ಹೆಂಗಸರ ಮುಂದೆ ಹೋಗಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು.

ಮುಂಜಾನೆ ಸೀರೆ ಮಡಿಸುವಾಗ ಹಸಿರು ಸೀರೆಯ ಅಂಚು ಹರಿದಿದ್ದು ಕಂಡಿತು. ಹೆದರುತ್ತಲೇ ಗಂಗವ್ವನಿಗೆ ತೋರಿಸಿದೆ. ಅವಳು ಹರಿದ ಕಡೆ ಬೆರಳಾಡಿಸಿ ನಕ್ಕಳು: "ಇರ್ಲಿ ಬಿಡ. ಹೊಲಿಯಂಗಿಲ್ಲ ನಾ ಇದನ್ನ. ಬಂದವ್ರಿಗೆ ತೋರಸಾಕ ಬೇಕು."

ಗದಗಿನ ಬಸ್ಸಿನಲ್ಲಿ ಟ್ರಂಕೂ ಬಂತು. ಅದನ್ನು ನಮ್ಮ ಬಸ್ಸಿನ ಮೇಲೆ ಕಟ್ಟುವಾಗ ದಾದಾ, ಮುಂದಿನ ಚಳಿಗಾಲಕ್ಕೆ ಇನ್ನೂ ಯಾವ ಯಾವ ಊರಿಗೆ ಹೋಗಬಹುದು ಎಂದು ಕಂಡಕ್ಟರರನ್ನೇ ವಿಚಾರಿಸುತ್ತಿದ್ದರು. ಓಣಿಯ ಹೆಂಗಸರು ಕಳಿಸಲು ಬಂದಿದ್ದರು. ಬಸ್ಸು ಹೊರಟಾಗ ಕಿಟಕಿಯಿಂದ ಕೈ ಬೀಸಿದೆ. ಯಾರೂ ನೋಡಲಿಲ್ಲ. ನಿನ್ನೆ ಯಾರ ಸೀರೆ ಹೆಚ್ಚು ಹೊತ್ತು ಮುಂದೆ ನಿಂತಿತ್ತು ಎಂಬ ಜಗಳದಲ್ಲಿ ಅವರೆಲ್ಲ ಮುಳುಗಿಹೋಗಿದ್ದರು.